ಹಾಡು ನಿಲ್ಲಲಿಲ್ಲ

ನಮ್ಮ ಭಜನಾ ಮೇಳದಲ್ಲಿ ಗಾಂಜಾ ಅಂತ ಯಾರೂ ಅನ್ನುವುದಿಲ್ಲ, ಪ್ರಸಾದ ಅನ್ನುತ್ತಾರೆ. ಹಾಡು ಶುರುವಾಗುವ ಮುಂಚೆ ಚಿಲುಮೆ ಕೈಯಿಂದ ಕೈಗೆ ಬರುತ್ತದೆ. ಪ್ರಸಾದ ಒಲ್ಲೆ ಅನ್ನಲು ಯಾವನಿಗೆ ಬಾಯಿ ಬರಬೇಕು? ನಾನೂ ಸೇದಿದೆ, ವರ್ಷಗಟ್ಟಲೆ. ಸೇದಿದಾಗ ದನಿ ಎಲ್ಲಿಂದಲೋ ಏರಿ ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ಗುಂಗಿನಲ್ಲಿ ಹಾಡಿದ ಒಂದು ತತ್ವಪದ ಯಾರದೋ ಮೊಬೈಲಿಗೆ ಸಿಕ್ಕು, ಇವತ್ತಿಗೂ ಬೀದರಿನ ಆಟೋಗಳಲ್ಲಿ ಕೇಳುತ್ತದೆ.

ಹೋದ ವರ್ಷ ಭಾಲ್ಕಿಯಲ್ಲಿ ಹಾಡುತ್ತಾ ಹಾಡುತ್ತಾ ಸಾಲು ಮರೆತೆ. ಎದುರಿಗೆ ಕೂತಿದ್ದ ಹೆಂಡತಿ ಕೈಸನ್ನೆಯಿಂದ ನೆನಪು ಮಾಡಿಕೊಡಲು ನೋಡಿದಳು. "ನೀ ಯಾರವ್ವಾ?" ಅಂದುಬಿಟ್ಟೆ, ಮೈಕಿನಲ್ಲೇ. ಜನ ನಕ್ಕರು. ಚಿದ್ರಿಯ ನಮ್ಮ ಮನೆ ಮುಟ್ಟಿದೆವು. ಅವಳು ಬಾಗಿಲಲ್ಲೇ ನಿಂತು ಹೇಳಿದಳು: "ನೀವು ಸೇದಿದಾಗಿನ ದನಿ ನನಗ ಗೊತ್ತದರಿ. ಇನ್ನೊಮ್ಮೆ ಕಿವಿಗೆ ಬಿತ್ತಂದ್ರ ಸಾಯಗಾಂವಕ್ಕ ನಮ್ಮ ಅಣ್ಣನ ಮನಿಗೆ ಹೋಗ್ತೇನಿ. ಕರಿಲಾಕ ಬರಬ್ಯಾಡ್ರಿ."

ಬಿಟ್ಟೆ. ಎದೆ ಹಗುರಾಯಿತು, ದನಿ ಮಾತ್ರ ನೆಲ ಬಿಟ್ಟು ಏಳಲಿಲ್ಲ. ಆಟೋ ಹತ್ತಿದರೆ ಅದೇ ಹಳೆಯ ಹಾಡು. "ಕಾಕಾ, ಈಗ ಹಿಂಗ ಯಾಕ ಹಾಡಂಗಿಲ್ರಿ?" ಅಂತ ಡ್ರೈವರ್ ಕೇಳುತ್ತಿದ್ದ. ಮೈ ಉರಿಯುತ್ತಿತ್ತು. ನನ್ನ ಹಾಡೇ ನನ್ನ ಕೊರಳಿಗೆ ಉರುಲಾಗಿತ್ತು.

ಆಮೇಲೆ ಔರಾದದಲ್ಲಿ ಒಬ್ಬರ ಹೊಸ ಮನೆಯ ಪ್ರವೇಶ, ಹಗಲು ಭಜನೆ. ಹಾಡಿಗೆ ಮುಂಚೆ ಹಿತ್ತಲಲ್ಲಿ ಚಿಲುಮೆ ಬಂತು, ಪಕ್ಕಕ್ಕೆ ದಾಟಿಸಿದೆ. ಹಾರ್ಮೋನಿಯಂನವನು ಮುಖ ಗಂಟಿಕ್ಕಿದ. ಜನ ಕೇಳಿದ್ದು ಆಟೋದ ಆ ಹಾಡನ್ನೇ; ಎರಡನೇ ನುಡಿಗೆ ನನ್ನ ದನಿ ಒಡೆಯಿತು. ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಹಾರ್ಮೋನಿಯಂನವನು ಮೈಕಿನವನಿಗೆ ಕಣ್ಸನ್ನೆ ಮಾಡಿದ. ನನ್ನ ಮೈಕು ಬಂದ್ ಆಯಿತು. ಅವನ ಮೊಬೈಲಿನಲ್ಲಿದ್ದ ಅದೇ ಹಾಡು, ನನ್ನ ಹಳೆಯ ದನಿಯಲ್ಲಿ, ಸ್ಪೀಕರಿನಿಂದ ಬಂತು.

"ತುಟಿ ಅಲ್ಲಾಡಸ್ರಿ ಕಾಕಾ, ಮಾನ ಉಳಸ್ರಿ," ಅಂದ.

ಅಲ್ಲಾಡಿಸಿದೆ. ಏನು ಮಾಡಲಿ? ಜನ ಮತ್ತೆ ಕೂತರು, ತಲೆದೂಗಿದರು. "ಈಗ ಬಂತ ನೋಡ್ರಿ ಖರೆ ದನಿ!" ಅಂತ ಯಾರೋ ಕೂಗಿದರು.

ಹೆಂಗಸರ ನಡುವಿನಿಂದ ನನ್ನ ಹೆಂಡತಿ ಎದ್ದಳು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಳು. ನಾ ಸೇದಿಲ್ಲ, ಸೇದಿಲ್ಲ ಅಂತ ಕೂಗಬೇಕೆನಿಸಿತು. ಆ ಸ್ಪೀಕರಿನ ಮುಂದೆ ನನ್ನ ಕೂಗು ಯಾರಿಗೆ ಕೇಳಬೇಕು? ಹೊಸ್ತಿಲಲ್ಲಿ ಅವಳು ಒಮ್ಮೆ ತಿರುಗಿ ನೋಡಿದಳು.

ನಾನು ಬಾಯಿ ಮುಚ್ಚಿದೆ. ಹಾಡು ನಿಲ್ಲಲಿಲ್ಲ.

ಮುಂದಿನ ಸಾಲಿನವರಿಗೆ ಮೊದಲು ತಿಳಿಯಿತು. ಕೆಲವರು ನಕ್ಕರು, ಯಾರೋ ಥೂ ಅಂದರು. ಅವಳು ಚೀಲ ಇಳಿಸಿ ಹೊಸ್ತಿಲ ಪಕ್ಕದಲ್ಲೇ ಕೂತಳು. ಹಾಡು ಮುಗಿಯುವ ತನಕ ನಾನು ಎಲ್ಲರ ಎದುರು ಬಾಯಿ ಮುಚ್ಚಿಕೊಂಡೇ ಕೂತಿದ್ದೆ.