ಭಾವನವರು ಆರಿಸಿದ ರೈಫಲ್

ಊಟಕ್ಕೆ ಕೂತಾಗಲೂ ಭಾವನವರ ಎಡಗಣ್ಣು ಅರ್ಧ ಮುಚ್ಚಿಯೇ ಇರುತ್ತಿತ್ತು. ಹರೆಯದಿಂದ ಗುರಿ ಹಿಡಿದು ಹಿಡಿದು ರೆಪ್ಪೆ ಹಾಗೇ ನಿಂತುಬಿಟ್ಟಿತ್ತು.

"ಭಾವಾ, ಅನ್ನಕ್ಕೂ ಗುರಿ ಇಡ್ತೀರೇನ್ರೀ?" ಎಂದು ನಾನಂದರೆ, "ನಿನ್ನ ಸಾರಿನಾಗೆ ಬ್ಯಾಳಿ ಹುಡುಕಬೇಕಲ್ಲವ್ವಾ" ಅನ್ನುತ್ತಿದ್ದರು.

ಅವರು ನನ್ನ ಗಂಡನ ಅಣ್ಣ. ಉಡುತಡಿ ಕಡೆ ನಮ್ಮ ಮೆಕ್ಕೆಜೋಳಕ್ಕೆ ಕಾಡುಹಂದಿ ನುಗ್ಗದಂತೆ ಕಾದವರು. ನಾನು ಹೆಚ್ಚು ಓದಿದವಳಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ. ಮೊಮ್ಮಗಳು ಹುಟ್ಟಿದಾಗಿನಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವಾಗ ಬೊಚ್ಚುಬಾಯಿ ತೆರೆದು ನಗುತ್ತಾಳೆ ನೋಡಿ, ಅಯ್ಯೋ, ಜೀವ ಕರಗುತ್ತದೆ. ಆದರೆ ಅವಳ ಸುದ್ದಿ ಹೇಳಬೇಕಾದರೆ ಭಾವನವರ ಸುದ್ದಿ ಹೇಳಲೇಬೇಕು.

ಬೆಳೆ ಕಾಯಲಿಕ್ಕೆಂದು ಅವರಿಗೆ ಕೋವಿಯ ಲೈಸೆನ್ಸ್ ಇತ್ತು. ಹಳೇ ಕೋವಿಯ ನಳಿಗೆ ಸೀಳಿದಾಗ ಹೊಸದು ತರಲು ಶಿವಮೊಗ್ಗದ ಅಂಗಡಿಗೆ ಹೋದೆವು. ಮಿಲಿಟರಿಯಿಂದ ಬಂದ ಅವರ ಮಗನಿಗೆ ತಾನೇ ಗುಂಡು ತುಂಬಿಕೊಳ್ಳುವ ರೈಫಲ್ಲಿನ ಮೇಲೆ ಕಣ್ಣು.

"ಒತ್ತಿದಷ್ಟು ಸಲ ಹಾರ್ತತಿ ಅಪ್ಪಾ. ಬೋಲ್ಟ್ ಎಳೆಯೋ ಗೋಳೇ ಇಲ್ಲ."

"ಹಂಗಾರೆ ಯೋಚ್ನೆ ಮಾಡಾದು ಯಾವಾಗಲೋ?"

"ನೀನು ಎಳೆಯೋದ್ರೊಳಗೆ ಹಂದಿ ಸೊರಬ ಮುಟ್ಟಿರ್ತತಿ."

"ಮುಟ್ಲಿ ಬಿಡು. ಅಲ್ಲಿ ಬೀಗರ ಮನಿ ಐತಿ, ಉಂಡು ಬರ್ತತಿ."

ಅಂಗಡಿಯವನೂ ನಕ್ಕ. ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾದ ರೈಫಲ್ಲನ್ನೇ ತಂದರು. 

ಕಳೆದ ಮಳೆಗಾಲದಲ್ಲಿ ನನ್ನ ಮಗಳು ಗಂಡನ ಊರು ಹೊಸಬಾಳೆಯಿಂದ ತವರಿಗೆ ಬಂದಿದ್ದಳು. ಬಸುರಿ. ಬೇಡವೆಂದರೂ ಕೇಳದೆ, ಸಂಜೆಯ ಜಡಿಮಳೆಯಲ್ಲಿ ನನ್ನ ಕಂಬಳಿಕೊಪ್ಪೆ ಹಾಕಿಕೊಂಡು ಕರುವಿಗೆ ಹುಲ್ಲು ಕೊಯ್ಯಲು ಜೋಳದ ಸಾಲಿನೊಳಗೆ ಕೂತಳು. ಕರಿಕಂಬಳಿ ತಲೆಗೆ ಹೊದ್ದು ಬಗ್ಗಿ ಕೂತರೆ ಹಂದಿಯ ಬೆನ್ನೇ. ಭಾವನವರು ಎಂದಿನಂತೆ ಮೊದಲು "ಯಾರದು?" ಎಂದು ಕೂಗಿದರು. ಮಳೆಯ ಸದ್ದಿಗೆ ಇವಳಿಗೆ ಕೇಳಲಿಲ್ಲ. ಹಂದಿಯೇ ಎಂದುಕೊಂಡು ಅವರು ಹೊಡೆದುಬಿಟ್ಟರು. ಗುಂಡು ಕಂಬಳಿಯ ಅಂಚನ್ನು ಹರಿದುಕೊಂಡು ಹೋಯಿತು. ಎರಡನೆಯದಕ್ಕೆ ಅವರು ಬೋಲ್ಟ್ ಎಳೆಯುತ್ತಿದ್ದಾಗ ಇವಳು ಎದ್ದು ನಿಂತು "ದೊಡ್ಡಪ್ಪಾ!" ಎಂದು ಕಿರುಚಿದಳು. ನಾನು ಓಡಿಹೋದಾಗ ಅವರು ಕೆಸರಲ್ಲಿ ಕುಸಿದು ಕೂತಿದ್ದರು. ಮಗಳೇ ಅವರ ತಲೆ ಹಿಡಿದು ಸಮಾಧಾನ ಮಾಡುತ್ತಿದ್ದಳು.

ರೈಫಲ್ಲನ್ನು ಠಾಣೆಗೆ ಒಪ್ಪಿಸಿ ಬಂದರು. ಮತ್ತೆ ಹೊಲಕ್ಕೆ ಕಾಲಿಡಲಿಲ್ಲ. ಹಂದಿಗಳು ಜೋಳ ಮುಗಿಸಿದವು. "ತಿನ್ಲಿ" ಅಂದರು, ಅಷ್ಟೇ. ತಾವು ಉಣ್ಣುವುದೂ ಕಡಿಮೆಯಾಯಿತು. ಆ ಅರ್ಧ ಮುಚ್ಚಿದ ಕಣ್ಣನ್ನು ನೋಡಿ ತಮಾಷೆ ಮಾಡಲು ನನಗೂ ಬಾಯಿ ಬರಲಿಲ್ಲ.

"ದೊಡ್ಡಪ್ಪಾ, ಇಲ್ಲೇ ಇದೀನಲ್ಲ, ಮುಟ್ಟಿ ನೋಡು" ಎಂದಳು ಮಗಳು.

"ಗುರಿ ತಪ್ಪಿಸಿದ್ದು ಮಳಿ ಕಣವ್ವ. ನಾನು ಹೊಡೆದಿದ್ದು ನಿನಗೇ."

"ನೀವು ಬೋಲ್ಟ್ ಎಳೆಯೋ ರೈಫಲ್ ತಂದಿದ್ದಕ್ಕೇ ಅಲ್ವೇನ್ರೀ ಇವಳು ಉಳಿದದ್ದು?" ಎಂದೆ ನಾನು. ಆ ಮಾತು ಅವರ ಕಿವಿಗೆ ಬಿತ್ತೇ ಹೊರತು ಒಳಗೆ ಇಳಿಯಲಿಲ್ಲ.

ಕೂಸು ಹುಟ್ಟಿತು. ಊರಿಗೆಲ್ಲ ಸಕ್ಕರೆ ಹಂಚಿದೆ. ಬಟ್ಟೆಯಲ್ಲಿ ಸುತ್ತಿಕೊಂಡು ಮೊದಲು ಅವರಲ್ಲಿಗೇ ಓಡಿದೆ. ಮಂಚದ ಮೇಲಿದ್ದವರು ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡರು.

"ನನ್ನ ಕೈಗೆ ಕೊಡಬ್ಯಾಡ."

"ನೋಡಿ ಭಾವಾ, ನಿಮ್ಮನ್ನೇ ನೋಡ್ತಾಳೆ."

"ಬ್ಯಾಡವ್ವ, ಎತ್ಕೊಂಡು ಹೋಗು."

ಎಷ್ಟು ಸಲ ಒಯ್ದರೂ ಅದೇ ಮಾತು. ಬೇಸಿಗೆ ಶುರುವಾಗುವ ಮೊದಲೇ ಹೋಗಿಬಿಟ್ಟರು. ಡಾಕ್ಟರು ಇಂಥದ್ದೇ ಕಾಯಿಲೆ ಎಂದು ಹೇಳಲಿಲ್ಲ.

ಹೆಣ ಅಂಗಳಕ್ಕೆ ತಂದಾಗ ನಾನು ಕೂಸನ್ನು ಎತ್ತಿಕೊಂಡು ಬಂದೆ. "ಎಳೆಗೂಸನ್ನ ಹೆಣದ ಹತ್ರ ತರ್ತಾರೇನೇ, ಹುಚ್ಚಿ!" ಎಂದು ಹೆಂಗಸರೆಲ್ಲ ಬೈದರು. ಬೈಯಲಿ ಎಂದು ಮೊಮ್ಮಗಳ ಹಣೆಯನ್ನು ಭಾವನವರ ಕೈಗೆ ಮುಟ್ಟಿಸಿದೆ. ಈ ಸಲ ಅವರು ಕೈ ಎಳೆದುಕೊಳ್ಳಲಿಲ್ಲ.