ಮಾವನ ಕಾರಿನ ಕಿರುಗುಡುವ ಕೇಬಲ್

ಸೋದರಮಾವ ತನ್ನ ಹಳೆಯ ಕಾರನ್ನು ನನ್ನ ತಮ್ಮನಿಗೆ ಕೊಟ್ಟ ದಿನ ನಾನು ಎಲ್ಲರೆದುರು ನಕ್ಕು, ಮನೆಗೆ ಬಂದು ಊಟ ಮಾಡದೆ ಮಲಗಿದೆ. ಆಗ ನಾನು ಇಬ್ಬರು ಮಕ್ಕಳ ತಾಯಿ, ಮುನಿಸಿಕೊಳ್ಳುವ ವಯಸ್ಸೇನಲ್ಲ. ಆದರೆ ಆ ಕಾರಿನ ಬಾನೆಟ್ಟಿನೊಳಗೆ ಟಾರ್ಚ್ ಹಿಡಿದು ನಿಂತು ಬೆಳೆದವಳು ನಾನು. ಪ್ಲಗ್ ಉಜ್ಜುವುದನ್ನು, ಕಾರ್ಬುರೇಟರ್ ಬಿಚ್ಚುವುದನ್ನು ಮಾವ ಕಲಿಸಿದ್ದು ನನಗೆ. ತಮ್ಮನಿಗೆ ಗೊತ್ತಿದ್ದದ್ದು ಹಾರ್ನ್ ಹೊಡೆಯುವುದೊಂದೇ.

ಕಳೆದ ವರ್ಷ ಒಂದು ಭಾನುವಾರ ಅವನು ಕಾಪುವಿನಿಂದ ಅದೇ ಕಾರಿನಲ್ಲಿ ಮಣಿಪಾಲದ ನನ್ನ ಮನೆಗೆ ಬಂದ.

"ಅಕ್ಕ, ಸ್ವಲ್ಪ ಜೋರು ಹೋದರೆ ಸ್ಪೀಡೋಮೀಟರಿನ ಹಿಂದೆ ಕಿರ್ ಕಿರ್ ಅಂತ ಶಬ್ದ. ಮುಳ್ಳು ನಡುಗುತ್ತದೆ. ಕಟಪಾಡಿಯ ಗ್ಯಾರೇಜಿನಲ್ಲಿ ತೋರಿಸಿದೆ. ಕೇಬಲ್ ಕಿತ್ತು ಬಿಸಾಡಿ, ಈ ಗಾಡಿಗೆ ಮೀಟರ್ ಎಂತಕ್ಕೆ ಅಂದರು."

ನನಗೆ ಒಳಗೊಳಗೇ ಖುಷಿಯಾಯಿತು. ಕಾರು ಅವನ ಕೈಯಲ್ಲಿ ಸುಖವಾಗಿಲ್ಲ ಎಂದುಕೊಂಡೆ. ನನ್ನಿಂದಾಗದು ಎಂದು ಹೇಳಿ ಕಳಿಸಿಬಿಡಬಹುದಿತ್ತು. ಅಷ್ಟರಲ್ಲಿ ನನ್ನ ಕೈ ಡ್ಯಾಶ್‌ಬೋರ್ಡಿನ ಅಡಿಗೆ ಹೋಗಿ ಆಗಿತ್ತು.

ಮೀಟರಿನ ಹಿಂದಿನ ನಟ್ಟನ್ನು ಬೆರಳಲ್ಲೇ ತಿರುಗಿಸಿ ಬಿಚ್ಚಿ, ಕೇಬಲಿನ ಒಳಗಿನ ತಂತಿಯನ್ನು ಹೊರಗೆಳೆದೆ. ಗ್ರೀಸ್ ಒಣಗಿ ಕಪ್ಪು ಹುಡಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಹೊಸ ಗ್ರೀಸನ್ನು ತೆಳುವಾಗಿ ಸವರಿದೆ. ಮೇಲಿನ ಒಂದು ಗೇಣಿಗೆ ಹಚ್ಚಲಿಲ್ಲ. ಹಚ್ಚಿದರೆ ಗ್ರೀಸ್ ಮೀಟರಿನೊಳಗೆ ಸೇರಿ ಕೆಡಿಸುತ್ತದೆ. ತಮ್ಮ ಹಾಕಿಸಿದ್ದ ಮ್ಯೂಸಿಕ್ ಸಿಸ್ಟಮ್ಮಿನ ವಯರುಗಳ ಜೊತೆ ಕೇಬಲನ್ನೂ ಯಾರೋ ಬಿಗಿಯಾಗಿ ಕಟ್ಟಿದ್ದರು. ಆ ಕಟ್ಟು ಬಿಚ್ಚಿ, ತಂತಿಯನ್ನು ಒಳಗೆ ತೂರಿಸಿ, ಕೇಬಲ್ ಮಡಚದ ಹಾಗೆ ಸಡಿಲವಾಗಿ ಕೂರಿಸಿ ನಟ್ಟು ಬಿಗಿದೆ.

ಮಾವನಿಗೆ ತೋರಿಸುವ ಎಂದು ಇಬ್ಬರೂ ಅಂಬಲಪಾಡಿಯ ಅವರ ಮನೆಗೆ ಹೊರಟೆವು. ತಮ್ಮ ಓಡಿಸಿದ, ನಾನು ಪಕ್ಕದಲ್ಲಿ ಕೂತೆ. ಇಳಿಜಾರಿನಲ್ಲಿ ವೇಗ ಏರಿದರೂ ಶಬ್ದವಿಲ್ಲ, ಮುಳ್ಳು ನಡುಗಲಿಲ್ಲ.

ಮಾವ ಕಾರಿನಲ್ಲಿ ಕೂತು ಒಂದು ಸುತ್ತು ಹೋಗಿ ಬಂದು ತಮ್ಮನ ಬೆನ್ನು ತಟ್ಟಿದರು. "ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದಿ ಮಾರಾಯ."

"ಕೇಬಲ್ ಸರಿ ಮಾಡಿದ್ದು ಅಕ್ಕ," ಎಂದ ಅವನು.

"ಅವಳಿಗೆ ಗೊತ್ತುಂಟು. ನಾನೇ ಕಲಿಸಿದ್ದಲ್ವಾ."

ಇಷ್ಟು ವರ್ಷ ನುಂಗಿಕೊಂಡದ್ದು ಬಾಯಿಗೆ ಬಂತು. "ಹಾಗಾದರೆ ಕಾರು ನನಗೆ ಯಾಕೆ ಕೊಡಲಿಲ್ಲ ಮಾವ?"

ಮಾವ ನಿಜಕ್ಕೂ ಆಶ್ಚರ್ಯಪಟ್ಟರು. "ನೀನು ಕೇಳಲಿಲ್ಲವಲ್ಲ ಮಗಾ. ಅವನು ಕೇಳಿದ."

ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಕಾರಿನ ಮೇಲಿತ್ತು. ಆ ಕ್ಷಣದಿಂದ, ಬೇಕಾದ್ದನ್ನು ಸಂಕೋಚವಿಲ್ಲದೆ ಕೇಳಬಲ್ಲ ತಮ್ಮನ ಆ ಸ್ವಭಾವದ ಮೇಲೆ ಹುಟ್ಟಿತು. ಅದು ಇನ್ನೂ ಹೆಚ್ಚು ಸುಟ್ಟಿತು.

"ಮುಂದಿನ ಭಾನುವಾರ ಕಾರು ನನಗೆ ಬೇಕು. ಕಾರ್ಕಳಕ್ಕೆ ಹೋಗಿ ಬರಲಿಕ್ಕುಂಟು," ಎಂದೆ. ಹೋಗಲಿಕ್ಕೇನೂ ಇರಲಿಲ್ಲ.

ತಮ್ಮ ಕೀಯನ್ನು ಬೆರಳಲ್ಲಿ ಒಮ್ಮೆ ತಿರುಗಿಸಿದ. "ಆಯಿತು. ಬ್ರೇಕ್ ಹಾಕಿದರೆ ಸ್ವಲ್ಪ ಎಡಕ್ಕೆ ಎಳೆಯುತ್ತದೆ ಅಕ್ಕ, ಜಾಗ್ರತೆ," ಎಂದ.

ಅದು ಅವನು ಸ್ಟೇರಿಂಗ್ ಹಿಡಿಯುವ ಮೊದಲೇ ನನಗೆ ಗೊತ್ತಿತ್ತು ಎಂದು ಹೇಳಬೇಕೆನಿಸಿತು. ಆಯಿತು ಎಂದಷ್ಟೇ ಹೇಳಿದೆ. ಭಾನುವಾರ ಹೋಗಿ ಬಂದೆ, ಕೀ ಹಿಂದಿರುಗಿಸಿದೆ. ಈಗ ತಿಂಗಳಿಗೊಮ್ಮೆ ಕಾರು ಕೇಳುತ್ತೇನೆ.