ಭಾನುವಾರದ ಪೈಲಟ್

ನನ್ನ ತಮ್ಮ ಸಣ್ಣ ವಿಮಾನ ಹಾರಿಸುವ ಲೈಸೆನ್ಸ್ ಪಡೆದು ಇನ್ನೂ ವರ್ಷವಾಗಿಲ್ಲ. ಆಗಲೇ ಹಾರದಿರಲು ಕಾರಣ ಹುಡುಕುವುದರಲ್ಲಿ ಪಳಗಿಬಿಟ್ಟಿದ್ದಾನೆ. ಭಾನುವಾರ ಬೆಳಗಾದರೆ ನಮ್ಮ ಮನೆಗೆ ಬಂದು, ಬಾಲ್ಕನಿಗೂ ಅಡುಗೆಮನೆಗೂ ಕಾಲು ಸುಟ್ಟ ಬೆಕ್ಕಿನಂತೆ ತಿರುಗುತ್ತಾನೆ. ಮೋಡ ಕಂಡರೆ "ಇವತ್ತು ಮೋಡ ಕಣೇ ಅಕ್ಕ" ಎನ್ನುತ್ತಾನೆ, ಕಾಣದಿದ್ದರೆ "ಬಿಸಿಲು ಜಾಸ್ತಿ". ನನ್ನ ಪುಟ್ಟ ಮಗಳ ತಳ್ಳುಗಾಡಿಗೆ ಮಾತ್ರ ಒಂದು ಸುತ್ತು ಬಂದು, ಚಕ್ರ ಒತ್ತಿ, ತಿರುಪು ಅಲುಗಾಡಿಸಿ, ವಿಮಾನಕ್ಕೆ ಮಾಡಬೇಕಾದ ತಪಾಸಣೆಯನ್ನೆಲ್ಲ ಮಾಡುತ್ತಾನೆ. ಈ ವಾರ "ಗಾಳಿ ಜೋರು" ಎಂದಾಗ ನನಗೆ ರೇಗಿತು. "ತಂತಿ ಮೇಲಿನ ಬಟ್ಟೆ ಅಲುಗಾಡ್ತಿಲ್ಲ, ಯಾವ ಗಾಳಿಯೋ? ಹೀಗೇ ಬಿಟ್ರೆ ಕಲಿತಿದ್ದೆಲ್ಲ ಮರ್ತೇ ಹೋಗುತ್ತೆ." ಅವನು ತಳ್ಳುಗಾಡಿಯ ಹಿಡಿ ಬಿಡದೆ ಹೇಳಿದ: "ಕಲಿಯುವಾಗ ಪಕ್ಕದ ಸೀಟಲ್ಲಿ ಮೇಷ್ಟ್ರು ಕೂತು ಬೈತಿದ್ರು. ಈಗ ತಪ್ಪು ಮಾಡಿದ್ರೂ ಹೇಳೋರಿಲ್ಲ. ಆ ಖಾಲಿ ಸೀಟು ನೋಡಿದ್ರೆ ವಿಮಾನ ಹತ್ತೋಕೇ ಮನಸ್ಸಾಗಲ್ಲ ಅಕ್ಕ." "ಹಾಗಾದ್ರೆ ಮೇಷ್ಟ್ರನ್ನೇ ಕರಿ." "ಪಾಸಾದೋನು ಮತ್ತೆ ಹೋದ್ರೆ ನಗ್ತಾರೆ ಕಣೇ." "ನನ್ನ ಮಗಳು ನಡೆಯೋಕೆ ಕಲಿತ ಮೇಲೂ ನನ್ನ ಬೆರಳು ಹಿಡೀತಾಳೆ. ಯಾರಾದ್ರೂ ನಕ್ಕಿದ್ದಾರಾ?" ಅವನು ತನ್ನ ಫೋನನ್ನು ನನ್ನತ್ತ ಚಾಚಿ, "ನೀನೇ ಕೇಳು" ಎಂದ. ನಾನು ಮೇಷ್ಟರ ನಂಬರ್ ಒತ್ತಿ, ಫೋನನ್ನು ಅವನ ಕಿವಿಗೇ ಹಿಡಿದೆ.